ಮುಂದಿನ ಚೀಟಿ ಯಾರಿಗೂ ಗೊತ್ತಿರಬಾರದು

“ಸರ್, ಸೋಮವಾರ, ಬುಧವಾರ, ಶುಕ್ರವಾರ ಬಂದವರಿಗೆ ಹೊಸ ಔಷಧ. ಮಿಕ್ಕ ಮೂರು ದಿನ ಬಂದವರಿಗೆ ಹಳೆಯದು. ರೋಗಿ ಯಾವತ್ತು ಬರ್ತಾನೆ ಅನ್ನೋದು ನಮ್ಮ ಕೈಲಿಲ್ವಲ್ಲ, ಹಾಗಾಗಿ ಇದೂ ರ್ಯಾಂಡಮ್ಮೇ.”

ಪಿಜಿ ವಿದ್ಯಾರ್ಥಿನಿಯೊಬ್ಬಳು ತನ್ನ ಥೀಸಿಸ್ಸಿನ ರೂಪುರೇಷೆಯನ್ನು ಒಪ್ಪಿಸುತ್ತ ಹೀಗೆಂದಾಗ ಮೇಜಿನ ಸುತ್ತ ಕೂತಿದ್ದ ಹಿರಿಯರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅವಳ ಗೈಡ್ ಒಂದು ಮಾತು ಸೇರಿಸಿದರು: “ಎರಡೂ ಗುಂಪು ಸಮ ಬಂದಿದೆ ಅಂತ ಕೊನೆಗೆ ಟೇಬಲ್ ಹಾಕಿ ತೋರಿಸ್ತೀವಿ. ಸಮ ಬಂದ್ರೆ ಆಯ್ತಲ್ಲ.” ಎಲ್ಲರೂ ತಲೆಯಾಡಿಸಿದರು. ನಾನೊಬ್ಬ ತಕರಾರು ತೆಗೆದೆ. ಹೊತ್ತಾಗಿತ್ತು. ವಿಧಾನದ ವಿಷಯ ಆಮೇಲೆ ನೋಡೋಣ ಎಂದು ಮುಂದಿನ ಥೀಸಿಸ್ ಕೈಗೆತ್ತಿಕೊಂಡರು. ಅಂದು ಅರ್ಧಕ್ಕೇ ನಿಂತ ತಕರಾರನ್ನು ಇಲ್ಲಿ ಪೂರ್ತಿ ಹೇಳಬೇಕಾಗಿದೆ.

ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ಒಂದಷ್ಟು ರೋಗಿಗಳಿಗೆ ಇದನ್ನೂ ಒಂದಷ್ಟು ರೋಗಿಗಳಿಗೆ ಅದನ್ನೂ ಕೊಟ್ಟು ನೋಡಬೇಕು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇದೇ ರ್ಯಾಂಡಮೈಸೇಶನ್. ಚೀಟಿ ಏಕೆ ಎಂದು ಕೇಳಿದರೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಗುಂಪುಗಳು ಸಮವಾಗಲಿ ಎಂದು. ವಯಸ್ಸು, ಲಿಂಗ, ಕಾಯಿಲೆಯ ತೀವ್ರತೆ ಎರಡೂ ಕಡೆ ಒಂದೇ ಥರ ಇರಲಿ ಎಂದು. ಈ ಉತ್ತರವನ್ನು ಒಪ್ಪಿಕೊಂಡ ಮೇಲೆ ಮುಂದಿನ ಮಾತು ತಾನಾಗಿ ಬರುತ್ತದೆ. ಸಮವಾಗುವುದೇ ಗುರಿಯಾದರೆ ಯಾವ ದಾರಿಯಾದರೇನು? ವಾರದ ದಿನ, ಕೇಸ್ ಶೀಟಿನ ಸಮ-ಬೆಸ ಸಂಖ್ಯೆ, ಒಬ್ಬರನ್ನು ಬಿಟ್ಟು ಒಬ್ಬರು, ಹುಟ್ಟಿದ ತಾರೀಖು, ಎಲ್ಲವೂ ಹೆಚ್ಚುಕಡಿಮೆ ಸಮವನ್ನೇ ಕೊಡುತ್ತವಲ್ಲ!

ಈ ನಂಬಿಕೆ ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆ ಎಂಬುದು ಅವನನ್ನು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿಯದಂತೆ ಮಾಡುವುದೇ ಚೀಟಿಯ ಮೊದಲ ಕೆಲಸ. ಸಮತೋಲ ಅದರ ಬೆನ್ನಿಗೆ ಬರುವ ಫಲ. ಆ ಫಲವನ್ನೇ ಬೇರೆಂದು ತಿಳಿದು, ನಿಜವಾದ ಬೇರನ್ನು ನಾವು ಕಡಿದು ಹಾಕುತ್ತಿದ್ದೇವೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ನಮ್ಮ ವಾರ್ಡಿನಲ್ಲಿ ದಮ್ಮಿನ ರೋಗಿಗಳ ಮೇಲೆ ಒಂದು ಅಧ್ಯಯನ ನಡೆದಿತ್ತು. ಕೇಸ್ ಶೀಟಿನ ನಂಬರು ಬೆಸವಾದರೆ ಹೊಸ ಮದ್ದು, ಸಮವಾದರೆ ಹಳೇ ಮದ್ದು. ಒಂದು ರಾತ್ರಿ ಒಬ್ಬ ಅಜ್ಜ ಬಂದ. ಏದುಸಿರು, ಎರಡೂ ಕೈಯನ್ನು ಬೆಂಚಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದ. ಜೊತೆಗೆ ಬಂದ ಮಗಳು ಅವನ ಬೆನ್ನು ನೀವುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಬರೆಯಬೇಕಾಗಿದ್ದ ನಂಬರು ಸಮ. ಅವರ ಹಿಂದೆ ನಿಂತಿದ್ದ ಹುಡುಗನಿಗೆ ಉಬ್ಬಸ ಅಷ್ಟಾಗಿ ಇರಲಿಲ್ಲ. ನಾನು ಹುಡುಗನ ಶೀಟನ್ನು ಮೊದಲು ಬರೆದೆ. ಅಜ್ಜನಿಗೆ ಬೆಸ ನಂಬರು ಬಂತು. ಎರಡು ನಿಮಿಷದ ಕೆಲಸ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ, ಪುಣ್ಯದ ಕೆಲಸ ಎಂದೇ ಅನ್ನಿಸಿತು. ಹಾಗೆ ಮಾಡಿದವನು ನಾನೊಬ್ಬನೇ ಅಲ್ಲ ಎಂದು ತಿಂಗಳುಗಳು ಕಳೆದ ಮೇಲೆ, ಕ್ಯಾಂಟೀನಿನಲ್ಲಿ ಕೂತು ಮಾತಾಡುವಾಗ ತಿಳಿಯಿತು. ಹೊಸ ಮದ್ದಿನಿಂದ ವಿಶೇಷ ಲಾಭವಿಲ್ಲ ಎಂದು ಅಧ್ಯಯನದ ವರದಿ ಬಂತು. ಹೆಚ್ಚು ಬಳಲಿದವರನ್ನೆಲ್ಲ ನಾವೇ ಆ ಗುಂಪಿಗೆ ತಳ್ಳಿದ್ದೆವು, ಬೇರೆ ವರದಿ ಬರುವುದಾದರೂ ಹೇಗೆ? ಆ ಮದ್ದು ನಿಜಕ್ಕೂ ಒಳ್ಳೆಯದಿತ್ತೋ ಇಲ್ಲವೋ ಎಂದು ಆ ಅಧ್ಯಯನ ನೋಡಿ ಇವತ್ತಿಗೂ ಯಾರೂ ಹೇಳುವಂತಿಲ್ಲ. ಅದರಲ್ಲಿ ಪಾಲ್ಗೊಂಡ ಅಷ್ಟೂ ಜನರ ನೋವು ವ್ಯರ್ಥವಾಯಿತು, ಮತ್ತು ಅದರಲ್ಲಿ ನನ್ನ ಕೈಯೂ ಇತ್ತು.

ರೋಗಿ ಯಾವ ದಿನ ಬರುತ್ತಾನೆ ಎಂಬುದು ನಮ್ಮ ಕೈಲಿಲ್ಲ, ಒಪ್ಪಿದೆ. ಆದರೆ ಬಂದವನನ್ನು ಅಧ್ಯಯನಕ್ಕೆ ಸೇರಿಸುವುದೋ ಬಿಡುವುದೋ, ಇವತ್ತೇ ಹೆಸರು ಬರೆಯುವುದೋ ನಾಳೆ ಬಾ ಎನ್ನುವುದೋ ನಮ್ಮ ಕೈಯಲ್ಲೇ ಇದೆ. ಕಾಯಿಲೆಗೆ ವಾರ ಗೊತ್ತಿಲ್ಲ. ವೈದ್ಯನಿಗೆ ಗೊತ್ತು.

ಇದು ಹೊಸ ಪಾಠವೇನಲ್ಲ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಟ್ಟರೆ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ಭಾರಿ ಪ್ರಯೋಗವೊಂದು ನಡೆಯಿತು. 67 ಶಾಲೆಗಳು, 20,000 ಮಕ್ಕಳು. ಹತ್ತು ಸಾವಿರ ಮಕ್ಕಳಿಗೆ ದಿನವೂ ಮುಕ್ಕಾಲು ಪಿಂಟ್ ಹಾಲು, ಮಿಕ್ಕ ಹತ್ತು ಸಾವಿರಕ್ಕೆ ಇಲ್ಲ. ಯಾರಿಗೆ ಹಾಲು ಎಂಬುದನ್ನು ಕೆಲವು ಶಾಲೆಗಳಲ್ಲಿ ಚೀಟಿ ಎತ್ತಿ, ಕೆಲವು ಕಡೆ ಹೆಸರಿನ ಅಕ್ಷರಾನುಕ್ರಮದಲ್ಲಿ ನಿರ್ಧರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಒಂದು ಗುಂಪಿನಲ್ಲಿ ಚೆನ್ನಾಗಿ ಉಂಡು ಬೆಳೆದವರೋ ಸೊರಗಿದವರೋ ಹೆಚ್ಚಾಗಿ ಕಂಡರೆ ಮಕ್ಕಳನ್ನು ಅದಲುಬದಲು ಮಾಡಿ ‘ಸಮ’ ಮಾಡಿಕೊಳ್ಳಬಹುದು ಎಂಬ ಸ್ವಾತಂತ್ರ್ಯವನ್ನು ಶಾಲೆಗಳಿಗೆ ಕೊಟ್ಟಿದ್ದರು. ಆ ವಿದ್ಯಾರ್ಥಿನಿಯ ಗೈಡ್ ಹೇಳಿದ ಮಾತೇ ಇದು. ಕಣ್ಣೆದುರು ಹಸಿದ ಮಗು ನಿಂತಿದೆ, ಹಾಲಿನ ಪಟ್ಟಿ ಮೇಷ್ಟರ ಕೈಲಿದೆ. ಯಾವ ಮೇಷ್ಟರು ತಾನೇ ಆ ಮಗುವಿನ ಹೆಸರನ್ನು ಬಿಟ್ಟಾರು?

ಪ್ರಯೋಗ ಶುರುವಾಗುವ ಹೊತ್ತಿಗೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿಗಿಂತ ದಪ್ಪಗೂ ಎತ್ತರಕ್ಕೂ ಇದ್ದರು. ತೂಕದಲ್ಲಿ ಸುಮಾರು ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ನಾಲ್ಕು ತಿಂಗಳಷ್ಟು ಮುಂದು. ಪ್ರಯೋಗ ನಡೆದದ್ದೇ ನಾಲ್ಕು ತಿಂಗಳು! 1931ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್ ಈ ಲೆಕ್ಕವನ್ನು ಬಿಡಿಸಿ ಇಟ್ಟರು. ಮಕ್ಕಳನ್ನು ಬಟ್ಟೆ ಸಮೇತ ತೂಗಿದ್ದರು, ಮೊದಲ ತೂಕ ಚಳಿಗಾಲದ್ದು, ಕೊನೆಯದು ಬೇಸಿಗೆಯದು. ಬಡ ಮಕ್ಕಳ ಮೈಮೇಲೆ ಚಳಿಗಾಲದಲ್ಲೂ ದಪ್ಪ ಬಟ್ಟೆ ಇರುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಕಳಚಲು ಅವರಲ್ಲಿ ಹೆಚ್ಚೇನೂ ಇರಲಿಲ್ಲ. ಬಟ್ಟೆಯ ತೂಕದ ವ್ಯತ್ಯಾಸವೂ ಹಾಲಿನ ಲೆಕ್ಕಕ್ಕೆ ಸೇರಿಕೊಂಡಿತು. 20,000 ಮಕ್ಕಳಿದ್ದರೂ ಉತ್ತರ ಕೆಟ್ಟಿತು. ಅದನ್ನು ಕೆಡಿಸಿದ್ದು ಸಮ ಮಾಡುವ ಆಸೆ, ಮತ್ತು ಆ ಆಸೆಗೆ ಬಾಗಿಲು ತೆರೆದಿಟ್ಟ ವಿಧಾನ.

ಹದಿನೆಂಟು ವರ್ಷಗಳ ನಂತರ ಬ್ರಿಟನ್ನಿನಲ್ಲೇ ಇದಕ್ಕೆ ಮದ್ದು ಕಂಡುಕೊಂಡರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಪ್ರಯೋಗ 1948ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಹಂಚಿಕೆಯನ್ನು ರೂಪಿಸಿದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಮೊದಲ ಮಹಾಯುದ್ಧದ ಕಾಲದಲ್ಲಿ ತಾವೇ ಕ್ಷಯಕ್ಕೆ ತುತ್ತಾಗಿ, ವೈದ್ಯನಾಗುವ ಆಸೆ ಬಿಟ್ಟು ಸಂಖ್ಯಾಶಾಸ್ತ್ರಕ್ಕೆ ಬಂದವರು ಅವರು. ಒಬ್ಬರನ್ನು ಬಿಟ್ಟು ಒಬ್ಬರಿಗೆ ಕೊಡುವ ಪದ್ಧತಿ ಆಗ ಚಾಲ್ತಿಯಲ್ಲಿತ್ತು, ಗುಂಪುಗಳು ಅದರಿಂದಲೂ ಸಮ ಬರುತ್ತಿದ್ದವು. ಹಿಲ್ ಅದನ್ನು ಬಿಟ್ಟಿದ್ದು ಸಮತೋಲಕ್ಕಾಗಿ ಅಲ್ಲ. ಆ ಪದ್ಧತಿಯಲ್ಲಿ ಮುಂದಿನ ಸರದಿ ಯಾರದ್ದು ಎಂದು ವೈದ್ಯನಿಗೆ ತಿಳಿದುಬಿಡುತ್ತದೆ ಎಂಬ ಕಾರಣಕ್ಕೆ.

ಅವರ ಏರ್ಪಾಡು ನೋಡಿ. ಯಾದೃಚ್ಛಿಕ ಸಂಖ್ಯೆಗಳಿಂದ ಪ್ರತಿ ಆಸ್ಪತ್ರೆಯಲ್ಲೂ ಗಂಡಸರಿಗೊಂದು, ಹೆಂಗಸರಿಗೊಂದು ಸರಣಿ. ಪ್ರತಿ ಚೀಟಿಯೂ ನಂಬರು ಹಾಕಿದ, ಅಂಟಿಸಿದ ಲಕೋಟೆಯೊಳಗೆ. ರೋಗಿ ಪ್ರಯೋಗಕ್ಕೆ ತಕ್ಕವನೇ ಎಂದು ತಜ್ಞರ ಸಮಿತಿ ಮೊದಲು ಒಪ್ಪಬೇಕು. ಒಪ್ಪಿದ ಮೇಲೆ ಮಾತ್ರ, ಅದೂ ಕೇಂದ್ರ ಕಚೇರಿಯಲ್ಲಿ, ಲಕೋಟೆ ಒಡೆಯಬೇಕು. ರೋಗಿಯ ಹಾಸಿಗೆಯ ಬಳಿ ಇರುವವರಿಗೆ ಲಕೋಟೆಯ ದರ್ಶನವೇ ಇಲ್ಲ. 107 ರೋಗಿಗಳು. ಆರು ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ 55 ಜನರಲ್ಲಿ 4 ಸಾವು, ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಸಾವು. ಲ್ಯಾನಾರ್ಕ್‌ಷೈರಿನ 20,000 ಮಕ್ಕಳು ಕೊಡಲಾಗದ ನಂಬಿಕೆಯ ಉತ್ತರವನ್ನು ಈ 107 ಜನ ಕೊಟ್ಟರು.

ಹಾಗಾದರೆ ನಮ್ಮ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ಒಂದು ಪಾಲು ಹಿಲ್ ಅವರಿಂದಲೇ ಬಂತು ಎನ್ನಬೇಕು. 1937ರ ತಮ್ಮ ಲೇಖನಮಾಲೆಯಲ್ಲಿ ಅವರು ಸರದಿಯ ಪದ್ಧತಿಯನ್ನೇ ವಿವರಿಸಿದ್ದರು. ಯಾದೃಚ್ಛಿಕ ಸಂಖ್ಯೆ ಎಂದರೆ ವೈದ್ಯರು ಬೆದರಿ ಓಡಿಯಾರು ಎಂದು ಬೇಕೆಂದೇ ಆ ಮಾತನ್ನು ಎತ್ತಲಿಲ್ಲವೆಂದು ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಅಂದು ಬೆದರಿಕೊಳ್ಳಬಹುದಾಗಿದ್ದ ವೈದ್ಯರ ಮೊಮ್ಮಕ್ಕಳ ಕಾಲದಲ್ಲಿ ನಾವಿದ್ದೇವೆ. ಇನ್ನೂ ಬೆದರಬೇಕೆ?

ಲಕೋಟೆ ಇದ್ದ ಮಾತ್ರಕ್ಕೂ ಮುಗಿಯಲಿಲ್ಲ. 1995ರಲ್ಲಿ ಕೆನೆತ್ ಶುಲ್ಜ್ ಮತ್ತು ಸಂಗಡಿಗರು ಬಸಿರು-ಬಾಣಂತನಕ್ಕೆ ಸಂಬಂಧಿಸಿದ 250 ಟ್ರಯಲ್‌ಗಳನ್ನು ಜಾಲಾಡಿದರು. ಚೀಟಿಯನ್ನು ಸರಿಯಾಗಿ ಮುಚ್ಚಿಡದ ಟ್ರಯಲ್‌ಗಳಲ್ಲಿ ಚಿಕಿತ್ಸೆಯ ಲಾಭ, ಆಡ್ಸ್ ಅನುಪಾತದ ಲೆಕ್ಕದಲ್ಲಿ, ಸರಾಸರಿ ಶೇ 41ರಷ್ಟು ಉಬ್ಬಿ ಕಂಡಿತು. ಹೇಗೆ ಮುಚ್ಚಿಟ್ಟರು ಎಂದು ಬರೆಯದೇ ಬಿಟ್ಟವುಗಳಲ್ಲಿ ಶೇ 30. ಅದೇ ವರ್ಷ ಶುಲ್ಜ್ ಇನ್ನೊಂದು ಲೇಖನ ಬರೆದು ವೈದ್ಯರು ಏನೇನು ಮಾಡುತ್ತಾರೆ ಎಂದು ತೆರೆದಿಟ್ಟರು: ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡುವುದು, ಬೇಕಾದ ಚೀಟಿ ಸಿಗುವ ತನಕ ಒಂದೊಂದಾಗಿ ಒಡೆಯುವುದು. ಇವರ್‍ಯಾರೂ ಕೆಟ್ಟವರಲ್ಲ. ನನ್ನ ಅಜ್ಜನ ಮುಂದೆ ನಿಂತ ನನ್ನಂಥವರೇ. ಅದಕ್ಕೇ ಹೇಳುವುದು, ಒಳ್ಳೆಯವರನ್ನು ನಂಬಿದರೆ ಸಾಕಾಗುವುದಿಲ್ಲ. ಒಳ್ಳೆಯತನ ನುಸುಳಲಾರದ ವ್ಯವಸ್ಥೆ ಬೇಕು.

ಉದಾಹರಣೆಗೆ, ಸ್ವೀಡನ್ ಮತ್ತು ಫಿನ್ಲೆಂಡಿನಲ್ಲಿ ಸುಮಾರು 11,000 ರಕ್ತದೊತ್ತಡದ ರೋಗಿಗಳ ಮೇಲೆ ಕ್ಯಾಪ್ಟೊಪ್ರಿಲ್ ಪರೀಕ್ಷಿಸಿದ ಟ್ರಯಲ್ 1999ರಲ್ಲಿ ಪ್ರಕಟವಾದಾಗ, ಶುರುವಿನಲ್ಲೇ ಎರಡು ಗುಂಪುಗಳ ರಕ್ತದೊತ್ತಡದಲ್ಲಿ ವ್ಯತ್ಯಾಸ ಕಂಡಿತು. ವ್ಯತ್ಯಾಸ ಚಿಕ್ಕದೇ. ಆದರೆ ಅಷ್ಟು ಜನರಲ್ಲಿ ಅಷ್ಟು ವ್ಯತ್ಯಾಸ ಅದೃಷ್ಟದಿಂದ ಬರಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಬಲ್ಲವರು ತೋರಿಸಿಕೊಟ್ಟರು. ಅಂಟಿಸಿದ ಲಕೋಟೆಗಳು ಎಲ್ಲೋ ಮೊದಲೇ ತೆರೆದಿದ್ದವು ಎಂದು ಬಿಟ್ಟರೆ ಬೇರೆ ವಿವರಣೆ ಉಳಿಯಲಿಲ್ಲ.

ಈಗ ಎದುರು ಪಕ್ಷದ ಅತಿ ಗಟ್ಟಿ ವಾದಕ್ಕೆ ಬರುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. ಥೀಸಿಸ್ ಟ್ರಯಲ್‌ಗಳು ಚಿಕ್ಕವು. 20 ರೋಗಿಗಳಿಗೆ ನಾಣ್ಯ ಚಿಮ್ಮಿದರೆ ಸರಿಯಾಗಿ ಹತ್ತು-ಹತ್ತು ಬರುವ ಸಂಭವ ಶೇ 18ಕ್ಕೂ ಕಡಿಮೆ. ಏಳು-ಹದಿಮೂರು ಅಥವಾ ಅದಕ್ಕಿಂತ ಓರೆಯಾಗಿ ಬೀಳುವ ಸಂಭವ ಶೇ 26. ಹೀಗಿರುವಾಗ ಸಮತೋಲದ ಚಿಂತೆ ಮಾಡಬಾರದೇ? ಮಾಡಬೇಕು. ಅದಕ್ಕಾಗಿಯೇ ಬ್ಲಾಕ್ ಪದ್ಧತಿ ಇದೆ. ನಾಲ್ಕು ನಾಲ್ಕು ರೋಗಿಗಳ ಕಂತು ಮಾಡಿ ಪ್ರತಿ ಕಂತಿನಲ್ಲೂ ಇಬ್ಬರು ಅ ಗುಂಪಿಗೆ, ಇಬ್ಬರು ಬ ಗುಂಪಿಗೆ. ಸಾಧ್ಯವಿರುವ ಜೋಡಣೆಗಳು ಆರೇ: ಅಅಬಬ, ಅಬಅಬ, ಅಬಬಅ, ಬಅಅಬ, ಬಅಬಅ, ಬಬಅಅ.

ಈ ಆರನ್ನು ಇನ್ನೊಮ್ಮೆ ನೋಡಿ. ಯಾವ ಜೋಡಣೆ ಬಂದರೂ ನಾಲ್ಕನೆಯವನು ಎಲ್ಲಿಗೆ ಎಂದು ಮೂರನೆಯವನು ಸೇರಿದ ಕೂಡಲೇ ತಿಳಿಯುತ್ತದೆ. ಮೊದಲಿಬ್ಬರೂ ಒಂದೇ ಗುಂಪಿಗೆ ಬಿದ್ದರೆ ಮೂರನೆಯವನದ್ದೂ ತಿಳಿಯುತ್ತದೆ. ಲೆಕ್ಕ ಹಾಕಿದರೆ, ಕೊಟ್ಟ ಮದ್ದು ಯಾವುದೆಂದು ಎಲ್ಲರಿಗೂ ಕಾಣುವ ಟ್ರಯಲ್ಲಿನಲ್ಲಿ ಸರಾಸರಿ ಮೂವರಲ್ಲಿ ಒಬ್ಬ ರೋಗಿಯ ಗುಂಪು ಅವನು ಸೇರುವ ಮೊದಲೇ ಖಚಿತವಾಗಿ ಗೊತ್ತಿರುತ್ತದೆ. ಕಂಪ್ಯೂಟರಿನಿಂದ ತೆಗೆದ ಪಟ್ಟಿಯೇ ಆಗಿದ್ದರೂ ಇಷ್ಟು! ಇದಕ್ಕೆ ಪರಿಹಾರ ಸುಲಭ. ಕಂತಿನ ಗಾತ್ರವನ್ನೂ ನಾಲ್ಕು, ಆರು, ಎಂಟು ಎಂದು ಮನಬಂದಂತೆ ಬದಲಿಸಿ, ಗಾತ್ರ ಎಷ್ಟೆಂದು ವಾರ್ಡಿನಲ್ಲಿ ಯಾರಿಗೂ ಹೇಳದಿರುವುದು. ಆದರೆ ನಾನು ನೋಡಿದ ಎಷ್ಟೋ ಪ್ರಸ್ತಾವಗಳಲ್ಲಿ ‘ನಾಲ್ಕರ ಬ್ಲಾಕ್’ ಎಂದು ಮೊದಲ ಪುಟದಲ್ಲೇ ಬರೆದು, ಅದೇ ಪ್ರತಿಯನ್ನು ರೋಗಿಗಳನ್ನು ಸೇರಿಸುವ ವಿದ್ಯಾರ್ಥಿಯ ಕೈಗೇ ಕೊಟ್ಟಿರುತ್ತಾರೆ. ಸಮತೋಲ ಸಿಕ್ಕಿತು, ಚೀಟಿ ಹೋಯಿತು. ಮಿನಿಮೈಸೇಶನ್ ಎಂಬ ಇನ್ನೊಂದು ಪದ್ಧತಿ 1970ರ ದಶಕದಿಂದ ಇದೆ. ಈವರೆಗೆ ಸೇರಿದವರ ವಯಸ್ಸು, ತೀವ್ರತೆ ಇತ್ಯಾದಿ ನೋಡಿ ಮುಂದಿನವನನ್ನು ಅಸಮತೋಲ ಅತಿ ಕಡಿಮೆಯಾಗುವ ಕಡೆಗೆ ಹಾಕುವುದು. ದೂರದ ಕಂಪ್ಯೂಟರ್ ಮಾಡಿದರೆ, ನಡುವೆ ಒಂದಿಷ್ಟು ಅದೃಷ್ಟಕ್ಕೂ ಜಾಗ ಬಿಟ್ಟರೆ ಅದು ಒಳ್ಳೆಯ ಪದ್ಧತಿ. ವಾರ್ಡಿನ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಮಾಡಿದರೆ ಮತ್ತೆ ಲ್ಯಾನಾರ್ಕ್‌ಷೈರ್.

ಕಣ್ಣಿಗೆ ಕಾಣುವ ಅಸಮತೋಲವನ್ನು ಕೊನೆಯಲ್ಲಿ ಲೆಕ್ಕದಿಂದ ಸರಿಪಡಿಸಬಹುದು. ಒಂದು ಗುಂಪಿನಲ್ಲಿ ಮುದುಕರು ಹೆಚ್ಚಿದ್ದರೆ ವಯಸ್ಸನ್ನು ಲೆಕ್ಕಕ್ಕೆ ಸೇರಿಸಿದರಾಯಿತು. ಯಾರೂ ಅಳೆಯದ, ಯಾರೂ ಬರೆದಿಡದ ಓರೆಯನ್ನು ಯಾವ ಲೆಕ್ಕವೂ ಸರಿಪಡಿಸಲಾರದು. ನಾನು ಜಾಗ ಬದಲಿಸಿದ ಅಜ್ಜನ ವಯಸ್ಸು, ಎತ್ತರ, ತೂಕ ಟೇಬಲ್ಲಿನಲ್ಲಿ ಇದ್ದವು. ಬೆಂಚಿಗೆ ಕೈಯೂರಿ ಕೂತ ಆ ಭಂಗಿ, ಮಗಳ ಮುಖ ಟೇಬಲ್ಲಿನಲ್ಲಿ ಇರಲಿಲ್ಲ. ನನ್ನ ಕೈಯನ್ನು ಓಡಿಸಿದ್ದು ಅವೇ. ಟೇಬಲ್ ಸಮ ಬಂದಿತ್ತು.

ಆ ಟೇಬಲ್ಲಿನ ಬಗೆಗೂ ಒಂದು ಮಾತು. ಎರಡು ಗುಂಪುಗಳ ವಯಸ್ಸು, ತೂಕ, ಹಿಮೋಗ್ಲೋಬಿನ್ ಪಕ್ಕಪಕ್ಕ ಇಟ್ಟು, ಕೊನೆಯ ಕಾಲಮ್ಮಿನಲ್ಲಿ ಪಿ ವ್ಯಾಲ್ಯೂ (ಇಷ್ಟು ಅಥವಾ ಇದಕ್ಕೂ ಹೆಚ್ಚಿನ ವ್ಯತ್ಯಾಸ ಬರೀ ಅದೃಷ್ಟದಿಂದ ಬರುವ ಸಂಭವ) ಬರೆದು, ವ್ಯತ್ಯಾಸ ಗಣನೀಯವಲ್ಲ ಆದ್ದರಿಂದ ರ್ಯಾಂಡಮೈಸೇಶನ್ ಯಶಸ್ವಿಯಾಗಿದೆ ಎನ್ನುವುದು ನಮ್ಮಲ್ಲಿ ಕಡ್ಡಾಯವೇ ಆಗಿಬಿಟ್ಟಿದೆ. ಚೀಟಿ ಎತ್ತಿಯೇ ಹಂಚಿದ್ದರೆ ಇರುವ ವ್ಯತ್ಯಾಸವೆಲ್ಲ ಅದೃಷ್ಟದ್ದೇ, ಅದನ್ನು ಪರೀಕ್ಷಿಸಿ ತಿಳಿಯಬೇಕಾದ್ದು ಏನೂ ಇಲ್ಲ. ಇಪ್ಪತ್ತು ಸಾಲಿದ್ದರೆ ಸರಾಸರಿ ಒಂದು ಸಾಲು 0.05ಕ್ಕಿಂತ ಕೆಳಗೆ ಬರುತ್ತದೆ. ಟ್ರಯಲ್ ವರದಿಗಳಿಗೆ ಅಂತರರಾಷ್ಟ್ರೀಯ ಮಾದರಿಯಾದ ಕನ್ಸಾರ್ಟ್ ಹೇಳಿಕೆಯೂ ಈ ಪರೀಕ್ಷೆ ಬೇಡವೆಂದೇ ಹೇಳುತ್ತದೆ. ಆದರೂ ವೈವಾದಲ್ಲಿ ಪಿ ವ್ಯಾಲ್ಯೂ ಎಲ್ಲಿ ಎಂದು ಕೇಳುತ್ತಾರೆ, ಪಟ್ಟಿ ಯಾರ ಬಳಿ ಇತ್ತು ಎಂದು ಕೇಳುವುದಿಲ್ಲ.

ದೊಡ್ಡವರೂ ಎಡವುತ್ತಾರೆ. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನ 2013ರಲ್ಲಿ ಪ್ರಕಟವಾಗಿ, ಆಲಿವ್ ಎಣ್ಣೆ, ಬಾದಾಮಿ-ಅಕ್ರೋಟು ಸೇರಿದ ಊಟದಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗುತ್ತವೆ ಎಂದು ಜಗತ್ತಿಗೆಲ್ಲ ಸಾರಿತು. ಆಮೇಲೆ ತಿಳಿಯಿತು: ಒಂದೇ ಮನೆಯ ಇನ್ನೊಬ್ಬರು ಸೇರಿದಾಗ ಅವರಿಗೆ ಚೀಟಿ ಎತ್ತದೆ ಮೊದಲನೆಯವರ ಗುಂಪನ್ನೇ ಕೊಟ್ಟಿದ್ದರು. ಒಂದು ಕೇಂದ್ರದಲ್ಲಂತೂ ಒಬ್ಬೊಬ್ಬರನ್ನಲ್ಲ, ಚಿಕಿತ್ಸಾಲಯಕ್ಕೆ ಚಿಕಿತ್ಸಾಲಯವನ್ನೇ ಒಂದು ಗುಂಪಿಗೆ ಹಾಕಿದ್ದರು. ಒಂದೇ ಅಡುಗೆಮನೆಯಲ್ಲಿ ಎರಡು ಬಗೆಯ ಅಡುಗೆ ಮಾಡಿ ಎಂದು ಗಂಡ-ಹೆಂಡತಿಗೆ ಹೇಳುವುದು ಕಷ್ಟ ಎಂಬುದು ಯಾರಿಗೆ ಅರ್ಥವಾಗುವುದಿಲ್ಲ? 2018ರಲ್ಲಿ ಲೇಖಕರು ಲೇಖನವನ್ನು ಹಿಂದಕ್ಕೆ ಪಡೆದು, ಲೆಕ್ಕ ಪುನಃ ಮಾಡಿ, ದನಿ ತಗ್ಗಿಸಿ ಮತ್ತೆ ಪ್ರಕಟಿಸಿದರು. ಅಂಕಿಗಳು ಹೆಚ್ಚು ಬದಲಾಗಲಿಲ್ಲ ಎಂದು ಇದನ್ನೇ ಹಿಡಿದು ವಾದಿಸುವವರಿದ್ದಾರೆ. ಅಂಕಿ ಬದಲಾಗಲಿಲ್ಲ, ಸರಿ. ಅದರ ಮೇಲಿನ ಹಕ್ಕು ಬದಲಾಯಿತು. ಈ ಊಟವೇ ಕಾರಣ ಎಂದು ಎದೆ ತಟ್ಟಿ ಹೇಳುವ ಹಕ್ಕನ್ನು ಕೊಡುವುದು ಚೀಟಿ ಮಾತ್ರ.

ಇನ್ನೊಂದು ಆಕ್ಷೇಪವಿದೆ, ಅದು ಹೃದಯದಿಂದ ಬರುವಂಥದ್ದು. ರೋಗಿಯ ಪ್ರಾಣವನ್ನು ಚೀಟಿಗೆ ಒಪ್ಪಿಸುವುದು ಕ್ರೌರ್ಯ, ಯಾವುದು ಒಳ್ಳೆಯದೆಂದು ವೈದ್ಯನ ಅನುಭವಕ್ಕೆ ಗೊತ್ತಿರುತ್ತದೆ ಎಂಬುದು. ಇದಕ್ಕೆ ನನ್ನ ಉತ್ತರ ಹುಟ್ಟಿದ ಕೂಡಲೇ ಉಸಿರಾಡಲಾರದ ಶಿಶುಗಳ ಕತೆ. ಅಂಥ ಶಿಶುಗಳ ರಕ್ತವನ್ನು ಹೊರಗಿನ ಯಂತ್ರದಲ್ಲಿ ಹಾಯಿಸಿ ಆಮ್ಲಜನಕ ತುಂಬುವ ಎಕ್ಮೋ ಆಗ ಹೊಸದು. ಅಮೆರಿಕದ ಮಿಷಿಗನ್‌ನಲ್ಲಿ ರಾಬರ್ಟ್ ಬಾರ್ಟ್‌ಲೆಟ್ ಮತ್ತು ಸಂಗಡಿಗರಿಗೆ ಯಂತ್ರದ ಮೇಲೆ ನಂಬಿಕೆ ಇತ್ತು. ಅರ್ಧ ಶಿಶುಗಳನ್ನು ಯಂತ್ರವಿಲ್ಲದೆ ಬಿಡಲು ಮನಸ್ಸು ಬರಲಿಲ್ಲ. ಹಾಗಾಗಿ ಗೆಲ್ಲುವ ಕಡೆಗೆ ಚೀಟಿಗಳು ಹೆಚ್ಚುತ್ತ ಹೋಗುವ ಪದ್ಧತಿಯನ್ನು ಆರಿಸಿಕೊಂಡರು. ಬುಟ್ಟಿಯಲ್ಲಿ ಎರಡು ಬಣ್ಣದ ಚೆಂಡು. ಒಂದು ಚಿಕಿತ್ಸೆಯಲ್ಲಿ ಶಿಶು ಉಳಿದರೆ ಆ ಬಣ್ಣದ್ದು ಇನ್ನೊಂದು, ಸತ್ತರೆ ಮತ್ತೊಂದು ಬಣ್ಣದ್ದು. ಮೊದಲ ಶಿಶುವಿಗೆ ಎಕ್ಮೋ, ಉಳಿಯಿತು. ಎರಡನೆಯದಕ್ಕೆ ಮಾಮೂಲು ಚಿಕಿತ್ಸೆ, ಸತ್ತಿತು. ಆಮೇಲಿನವಕ್ಕೆಲ್ಲ ಎಕ್ಮೋ, ಎಲ್ಲವೂ ಉಳಿದವು. 1985ರಲ್ಲಿ ಪ್ರಕಟವಾದ ಫಲಿತಾಂಶ: ಎಕ್ಮೋದಲ್ಲಿ 11, ಮಾಮೂಲಿನಲ್ಲಿ 1.

ಒಂದೇ ಒಂದು ಶಿಶುವಿನ ಎದುರು ಹನ್ನೊಂದು. ಯಾರು ನಂಬಬೇಕು? ನಂಬಲಿಲ್ಲ. ಬಾಸ್ಟನ್ನಿನಲ್ಲಿ ಮತ್ತೆ ಒಂದು ಟ್ರಯಲ್, ಅದರಲ್ಲೂ ಯಾವುದಾದರೂ ಒಂದು ಗುಂಪಿನಲ್ಲಿ ನಾಲ್ಕು ಸಾವಾದ ಕೂಡಲೇ ಹಂಚಿಕೆ ನಿಲ್ಲಿಸುವ ಕರುಣೆಯ ನಿಯಮ. ಮಾಮೂಲಿನ 10ರಲ್ಲಿ 4 ಸತ್ತವು, ಎಕ್ಮೋದ 9ರಲ್ಲಿ ಒಂದೂ ಇಲ್ಲ. ಆಮೇಲೆ ಎಲ್ಲರಿಗೂ ಎಕ್ಮೋ. 1989ರಲ್ಲಿ ಬಂದ ಈ ವರದಿಯೂ ವಿವಾದವಾಯಿತು, ಮತ್ತೆ ಅನುಮಾನ ಉಳಿಯಿತು. ಕೊನೆಗೆ ಬ್ರಿಟನ್ನಿನಲ್ಲಿ 185 ಶಿಶುಗಳಿಗೆ ನೇರವಾಗಿ, ಸರಿಸಮ ಚೀಟಿ ಎತ್ತಬೇಕಾಯಿತು. 1996ರಲ್ಲಿ ಪ್ರಕಟವಾದ ಅದರ ಲೆಕ್ಕ: ಎಕ್ಮೋದ 93ರಲ್ಲಿ 30 ಸಾವು, ಮಾಮೂಲಿನ 92ರಲ್ಲಿ 54. ಪ್ರಶ್ನೆ ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷ! ಮೊದಲನೆಯ ಸಲವೇ ಗಟ್ಟಿಯಾಗಿ ಕೇಳಿದ್ದರೆ ಆ ಹನ್ನೊಂದು ವರ್ಷಗಳಲ್ಲಿ ಯಂತ್ರ ಸಿಗದೆ ಹೋದ ಶಿಶುಗಳಿಗೆ ಅದು ಸಿಗುತ್ತಿತ್ತೇನೋ. ಬಾರ್ಟ್‌ಲೆಟ್ ಅವರ ಅನುಭವ ಸರಿಯಾಗಿಯೇ ಇತ್ತು. ಆದರೆ ಅನುಭವ ಸರಿ ಎಂದು ಊರಿಗೆಲ್ಲ ತೋರಿಸಿಕೊಡುವ ದಾರಿಯನ್ನು ಅವರ ಕರುಣೆಯೇ ಉದ್ದ ಮಾಡಿತು.

ಅನುಭವ ಸರಿಯಿಲ್ಲದಿದ್ದಾಗ? ಕೋವಿಡ್ಡಿನ ಪ್ಲಾಸ್ಮಾ ನೆನಪಿಸಿಕೊಳ್ಳಿ. ಗುಣವಾದವರ ಪ್ಲಾಸ್ಮಾಕ್ಕಾಗಿ ಜನ ರಾತ್ರಿಯೆಲ್ಲ ಫೋನು ಮಾಡುತ್ತಿದ್ದರು, ಬೇಡಿಕೊಳ್ಳುತ್ತಿದ್ದರು. ಪ್ಲಾಸ್ಮಾ ಕೊಟ್ಟೆವು, ರೋಗಿ ಉಳಿದ ಎಂದು ವೈದ್ಯರೂ ಹೇಳುತ್ತಿದ್ದರು. ಅದೇ ಹೊತ್ತಿನಲ್ಲಿ ಐಸಿಎಂಆರ್ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳಿಗೆ ಚೀಟಿ ಎತ್ತಿ ನೋಡಿತು. ಕಾಯಿಲೆ ತೀವ್ರವಾದವರು ಅಥವಾ ಸತ್ತವರು ಪ್ಲಾಸ್ಮಾ ಗುಂಪಿನಲ್ಲಿ ಶೇ 19, ಇನ್ನೊಂದರಲ್ಲಿ ಶೇ 18. 2020ರ ಅಕ್ಟೋಬರಿನಲ್ಲೇ ಇದು ಪ್ರಕಟವಾಗಿದ್ದರೂ ಚಿಕಿತ್ಸೆಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಗೆ ಹೋಗಲು 2021ರ ಮೇ ಬರಬೇಕಾಯಿತು.

ನಮ್ಮ ಆಸ್ಪತ್ರೆಗಳ ನೂಕುನುಗ್ಗಲಿನಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ಎರಡು ಕಡೆ ಕೈ ತೋರಿಸುತ್ತೇನೆ. 1956ರಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ, ಇಕ್ಕಟ್ಟಾದ ಮನೆಗಳ ಬಡ ರೋಗಿಗಳಲ್ಲಿ ಯಾರು ಸ್ಯಾನಟೋರಿಯಮ್ಮಿಗೆ, ಯಾರು ಮನೆಯಲ್ಲೇ ಮಾತ್ರೆ ನುಂಗುತ್ತ ಇರುವುದು ಎಂದು ಚೀಟಿ ಎತ್ತಿದರು. 193 ರೋಗಿಗಳು. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇಲ್ಲದೆ ಕ್ಷಯ ವಾಸಿಯಾಗದು ಎಂದು ಆಗಿನ ವೈದ್ಯಲೋಕ ನಂಬಿತ್ತು. 1959ರಲ್ಲಿ ಬಂದ ಉತ್ತರ: ಮನೆಯ ಚಿಕಿತ್ಸೆ ಸ್ಯಾನಟೋರಿಯಮ್ಮಿಗೆ ಸರಿಸಮ, ಮನೆಯವರಿಗೆ ರೋಗ ತಗಲುವ ಅಪಾಯವೂ ಹೆಚ್ಚಲಿಲ್ಲ ಎಂದು ಆಮೇಲೆ ತಿಳಿಯಿತು. ಇವತ್ತು ನಮ್ಮ ಹಳ್ಳಿಯ ಕ್ಷಯರೋಗಿ ಮನೆಯಲ್ಲೇ ಇದ್ದು ಗುಣವಾಗುತ್ತಿದ್ದರೆ ಅದರ ಹಿಂದೆ ಆ ಚೀಟಿಗಳಿವೆ.

ಇನ್ನೊಂದು ನಮ್ಮ ಬೆಳಗಾವಿಯದೇ. 2002ರಿಂದ 2005ರ ತನಕ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರುಗಳು, ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಅರ್ಧ ಜನಕ್ಕೆ, ಮದ್ದಿಲ್ಲದ ಹುಸಿ ಗುಳಿಗೆ ಅರ್ಧ ಜನಕ್ಕೆ. ಕೈಯಲ್ಲಿರುವುದು ಯಾವುದೆಂದು ಸಿಸ್ಟರಿಗೆ ಗೊತ್ತಿಲ್ಲ, ಬಾಣಂತಿಗೂ ಗೊತ್ತಿಲ್ಲ. ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಕೆಲಸವನ್ನು ಜಗತ್ತು ಓದಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಇದೇ ಉದ್ದೇಶಕ್ಕೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಹೆರಿಗೆ ಕೋಣೆಯಲ್ಲಿ ಒಬ್ಬ ಸಿಸ್ಟರ್ ಕಾಪಾಡಿದ ಗುಟ್ಟನ್ನು ಜಿಲ್ಲಾ ಕೇಂದ್ರದ ಕಾಲೇಜು ಆಸ್ಪತ್ರೆಗಳು ಕಾಪಾಡಲಾರವೇ?

ಇಷ್ಟಾದರೂ ನಮ್ಮಲ್ಲಿ ಈ ಗುಟ್ಟಿನ ಸ್ಥಿತಿ ಏನು ನೋಡಿ. ದೇಶದ ಟ್ರಯಲ್ ನೋಂದಣಿ ತಾಣವಾದ ಸಿಟಿಆರ್‌ಐಯಲ್ಲಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಗಿದೆ. ಅಲ್ಲಿನ ನಮೂನೆಯಲ್ಲಿ ‘ಮುಚ್ಚಿಡುವ ವಿಧಾನ’ ಎಂಬ ಕಾಲಮ್ ಇದೆ. ಅದಕ್ಕೆ ಆರಿಸಿಕೊಳ್ಳಲು ಕೊಟ್ಟ ಉತ್ತರಗಳಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಎಂಬುದೂ ಇದೆ, ‘ಯಾದೃಚ್ಛಿಕ ಸಂಖ್ಯೆಗಳ ತೆರೆದ ಪಟ್ಟಿ’ ಎಂಬುದೂ ಇದೆ. ತೆರೆದ ಪಟ್ಟಿ ಮುಚ್ಚಿಡುವ ವಿಧಾನ ಹೇಗಾದೀತು? ಅದನ್ನು ಆರಿಸಿಕೊಂಡು ನೋಂದಣಿ ಸಂಖ್ಯೆ ಪಡೆದ ಅಧ್ಯಯನಗಳು ಅಲ್ಲಿ ಯಾರು ಬೇಕಾದರೂ ನೋಡುವಂತೆ ಇವೆ. ಬರೆದುಕೊಟ್ಟವರಿಗೆ ಅದರ ಅರ್ಥ ಗೊತ್ತಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ, ಏಕೆಂದರೆ ನಾವು ಅವರಿಗೆ ಕಲಿಸಲಿಲ್ಲ. ಸಮತೋಲ ಕಲಿಸಿದೆವು, ಗುಟ್ಟು ಕಲಿಸಲಿಲ್ಲ.

ಬೇಕಾಗುವುದು ಹೆಚ್ಚೇನೂ ಇಲ್ಲ. ಪಟ್ಟಿಯನ್ನು ರೋಗಿಗಳ ಮುಖ ನೋಡದ ಯಾರಾದರೂ ಒಬ್ಬರು ಮಾಡಬೇಕು, ಬೇರೆ ವಿಭಾಗದ ಸಹೋದ್ಯೋಗಿ ಸಾಕು. ಆಸ್ಪತ್ರೆಯ ಔಷಧಾಲಯದಲ್ಲೋ ಕಾಲೇಜಿನ ಇನ್ನೊಂದು ಮೂಲೆಯಲ್ಲೋ ಅದು ಬೀಗದಲ್ಲಿರಬೇಕು. ರೋಗಿಯ ಹೆಸರು, ಒಪ್ಪಿಗೆಯ ಸಹಿ, ಸೇರಿಸಿದ ಹೊತ್ತು ಪುಸ್ತಕದಲ್ಲಿ ದಾಖಲಾದ ಮೇಲೆ ಮಾತ್ರ ಫೋನು ಮಾಡಿ ಗುಂಪು ಕೇಳಬೇಕು. ಕೇಳಿದ ಮೇಲೆ ಆ ಹೆಸರನ್ನು ಹೊಡೆದುಹಾಕುವಂತಿಲ್ಲ.

ಥೀಸಿಸ್ ಸಮಿತಿಗಳಲ್ಲಿ, ಎಥಿಕ್ಸ್ ಕಮಿಟಿಗಳಲ್ಲಿ ಕೂರುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಇಂಥ ಪ್ರಸ್ತಾವ ನಿಮ್ಮ ಮೇಜಿಗೆ ಬಂದಾಗ ಗುಂಪು ಸಮ ಬರುತ್ತದೆಯೇ ಎಂದು ಕೇಳಬೇಡಿ. ನಾಳೆ ಬೆಳಿಗ್ಗೆ ಬರುವ ಮೊದಲ ರೋಗಿ ಯಾವ ಗುಂಪಿಗೆ ಎಂದು, ಅವನನ್ನು ಸೇರಿಸಿಕೊಳ್ಳುವವರಲ್ಲಿ ಯಾರಿಗಾದರೂ ಈಗಲೇ ಗೊತ್ತಿದೆಯೇ ಎಂದು ಕೇಳಿ. ಗೊತ್ತಿದೆ ಎಂದರೆ ಸಹಿ ಹಾಕದೆ ಹಿಂದಕ್ಕೆ ಕಳಿಸಿ.